ಬಿಲ್ಲಿನ ಬೆನ್ನು ಮತ್ತು ಹಾವಿನ ಚರ್ಮ

೧

ಕಲ್ಯಾಣದಿಂದ ಮುರಬಾಡಿನ ಮಾರ್ಗವಾಗಿ ಮಾಳಶೇಜ ಘಟ್ಟದ ಕಡೆಗೆ ಹೋಗುವ ರಸ್ತೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಮಳೆಗಾಲದಲ್ಲಿ ಜಲಪಾತಗಳನ್ನು ನೋಡುವುದಕ್ಕಾಗಿ ಠಾಣೆ, ಡೊಂಬಿವಲಿಗಳಿಂದ ಜನರು ತಂಡತಂಡವಾಗಿ ಆ ಕಡೆಗೆ ಹೋಗುವುದುಂಟು. ಆ ರಸ್ತೆಯ ಎರಡು ಪಕ್ಕಗಳಲ್ಲಿಯೂ ಒಳನಾಡಿನಲ್ಲಿ ಠಾಕರ, ಕಾತಕರಿ, ಮಹಾದೇವ ಕೋಳಿ ಮೊದಲಾದ ಗಿರಿಜನರ ವಸತಿಗಳಿವೆ. ಎರಡು ವರ್ಷಗಳ ಹಿಂದೆ ಬ್ಯಾಂಕಿನ ಕೆಲಸದ ಮೇಲೆ ಅಂಥದೊಂದು ವಸತಿಗೆ ನಾನು ಹೋಗಬೇಕಾಯಿತು. ಸಾಲಕ್ಕೆ ಅರ್ಜಿ ಹಾಕಿದ್ದ ಕುಶಲಕರ್ಮಿಯು ಬಿದಿರಿನ ಬುಟ್ಟಿ, ಮೊರಗಳ ಜೊತೆಗೆ ಬಿಲ್ಲುಗಳನ್ನೂ ಮಾಡುತ್ತಿದ್ದನು. ಬೇಟೆ ನಿಂತು ಹೋಗಿ ಬಹುಕಾಲವಾಗಿರುವುದರಿಂದ ಆ ಬಿಲ್ಲುಗಳು ಈಗ ಜಾತ್ರೆಗಳಲ್ಲಿಯೂ ಪಟ್ಟಣದ ಮನೆಗಳ ಗೋಡೆಗಳಿಗಾಗಿಯೂ ಮಾರಾಟವಾಗುತ್ತವೆ.

ಆತನು ಹೇಳಿದ ಸಂಗತಿ ಇದು. ವ್ಯಾಪಾರಿಯೊಬ್ಬನು ಮರದ ಬಿಲ್ಲುಗಳನ್ನು ಒಟ್ಟಾಗಿ ಕೊಳ್ಳಲು ಒಪ್ಪಿದ್ದಾನೆ. ಬಿದಿರಿನ ಬಿಲ್ಲಿಗೆ ಬರುವುದರ ನಾಲ್ಕು ಪಟ್ಟು ಬೆಲೆ ಕೊಡುವನಂತೆ. ಆದರೆ ಪ್ರತಿಯೊಂದು ಬಿಲ್ಲಿನ ಬೆನ್ನಿಗೂ 'ಧಾಮಣ' ಹಚ್ಚಿರಬೇಕು. ಧಾಮಣವೆಂದರೆ ಮರಾಠಿಯಲ್ಲಿ ಒಂದು ಮರ. ಕನ್ನಡದಲ್ಲಿ ನಾವು ತಡಸಲು ಎನ್ನುವುದು. ಗಟ್ಟಿತನ, ಬಾಗುವ ಗುಣ ಎರಡೂ ಕೂಡಿರುವುದರಿಂದ ಅದು ಬಿಲ್ಲಿಗೂ ಕೊಡಲಿಯ ಕಾವಿಗೂ ಹೆಸರಾದುದು. ಸಂಸ್ಕೃತದಲ್ಲಿ ಅದಕ್ಕೆ ಧನ್ವನ, ಧನುರ್ವೃಕ್ಷ ಎಂಬ ಹೆಸರುಗಳಿವೆ. ಆದುದರಿಂದ ಬಿಲ್ಲಿನ ಬೆನ್ನಿಗೆ ಧಾಮಣದ ಪಟ್ಟಿ ಹಚ್ಚುವುದು ಯುಕ್ತವೇ ಎಂದುಕೊಂಡೆ. ಆತನು ನಕ್ಕು, ಅಂಗೈಯನ್ನು ನೆಲದ ಮೇಲೆ ಹರಿದಾಡಿಸಿ ತೋರಿಸಿದಾಗ ನನ್ನ ತಪ್ಪು ತಿಳಿಯಿತು. ಮರಾಠಿಯಲ್ಲಿ ಧಾಮಣ ಎಂಬುದು ಕೇರೆಹಾವಿನ ಹೆಸರೂ ಅಹುದು. ಚರ್ಮಗಳನ್ನು ತಾನೇ ತಂದುಕೊಡುವೆನೆಂದೂ ವ್ಯಾಪಾರಿ ಹೇಳಿದ್ದನಂತೆ.

ಆತನು ನನ್ನನ್ನು ಮೂರು ಪ್ರಶ್ನೆ ಕೇಳಿದನು. ಹಾವಿನ ಚರ್ಮ ಹಚ್ಚಿದರೆ ಬಿಲ್ಲಿಗೆ ಬಲ ಬರುವುದೇ? ಇದು ಹಿಂದಿನವರ ಪದ್ಧತಿಯೆಂದು ವ್ಯಾಪಾರಿ ಹೇಳುತ್ತಾನೆ, ನಿಜವೇ? ಹಚ್ಚಿದರೆ ನನಗೇನಾದರೂ ತೊಂದರೆಯುಂಟೇ? ಮೂರನೆಯದಕ್ಕೆ ಅಲ್ಲಿಯೇ ಉತ್ತರ ಹೇಳಿದೆ. ಮೊದಲಿನ ಎರಡಕ್ಕೆ ಉತ್ತರ ಹುಡುಕಿದ್ದರ ಫಲವೇ ಈ ಲೇಖನ.

೨

ಬಿಲ್ಲನ್ನು ಹಿಡಿದು ನಿಂತಾಗ ಬಿಲ್ಲುಗಾರನ ಮುಖದ ಕಡೆಗಿರುವ ಮೈಯನ್ನು ಹೊಟ್ಟೆಯೆಂದೂ ಗುರಿಯ ಕಡೆಗಿರುವ ಮೈಯನ್ನು ಬೆನ್ನೆಂದೂ ಕರೆಯುತ್ತಾರೆ. ಹೆದೆಯನ್ನು ಸೆಳೆದಾಗ ಹೊಟ್ಟೆಯ ಕಡೆಯ ನಾರುಗಳು ಅದುಮಲ್ಪಡುತ್ತವೆ. ಬೆನ್ನಿನ ಕಡೆಯ ನಾರುಗಳು ಎಳೆಯಲ್ಪಡುತ್ತವೆ. ನಡುವಿನಲ್ಲಿ ಎಳೆತವೂ ಇಲ್ಲದ, ಅದುಮೂ ಇಲ್ಲದ ಒಂದು ಪದರವಿರುತ್ತದೆ. ಬಿಲ್ಲು ದಪ್ಪವಾದಷ್ಟೂ, ಬಾಗು ಹೆಚ್ಚಾದಷ್ಟೂ ಬೆನ್ನಿನ ಎಳೆತ ಹೆಚ್ಚು. ಹದಿನಾರು ಮಿಲಿಮೀಟರು ದಪ್ಪದ ತೋಳನ್ನು ಎಂಟುನೂರು ಮಿಲಿಮೀಟರು ತ್ರಿಜ್ಯದ ಕಮಾನಾಗಿ ಬಾಗಿಸಿದರೆ ಬೆನ್ನಿನ ನಾರು ತನ್ನ ಉದ್ದದ ನೂರನೆಯ ಒಂದು ಪಾಲಿನಷ್ಟು ಹಿಗ್ಗಬೇಕಾಗುತ್ತದೆ. ಸಾಮಾನ್ಯವಾದ ಮರಕ್ಕೆ ಇದು ಹೆಚ್ಚುಕಡಮೆ ಕೊನೆಯ ಎಲ್ಲೆ.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ದೋಷವಿಲ್ಲದ ಒಣಮರವು ಅದುಮುವಿಕೆಗಿಂತಲೂ ಎಳೆತವನ್ನೇ ಹೆಚ್ಚಾಗಿ ತಾಳುತ್ತದೆ. ಹಾಗಿದ್ದರೂ ಬಿಲ್ಲುಗಳು ಬೆನ್ನಿನಲ್ಲಿಯೇ ಸಿಡಿಯುವುದೇಕೆಂದರೆ, ಕೀಸುಳಿಯಾಗಲಿ ಕತ್ತಿಯಾಗಲಿ ಆಡುವಾಗ ಬೆನ್ನಿನ ನಾರುಗಳು ಅಲ್ಲಲ್ಲಿ ಅಡ್ಡವಾಗಿ ತುಂಡಾಗಿರುತ್ತವೆ. ಗಂಟುಗಳಿದ್ದಲ್ಲಿ ನಾರು ಸುತ್ತಿಕೊಂಡು ಹೋಗಿರುತ್ತದೆ. ತುಂಡಾದ ನಾರಿನ ತುದಿ ಎಳೆತಕ್ಕೆ ಸಿಕ್ಕಿ ಸಿಬಿರಾಗಿ ಏಳುತ್ತದೆ. ಸಿಬಿರು ಎದ್ದಿತೆಂದರೆ ಬಿಲ್ಲು ಮುರಿದಂತೆಯೇ. ಆದುದರಿಂದ ಮರದ ಬಿಲ್ಲನ್ನು ಮಾಡುವವನು ಬೆನ್ನಿನ ಉದ್ದಕ್ಕೂ ನಾರು ತುಂಡಾಗದಂತೆ ನೋಡಿಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ, ಎಳೆತವನ್ನು ಮರಕ್ಕಿಂತ ಚೆನ್ನಾಗಿ ತಾಳುವ ಬೇರೊಂದು ವಸ್ತುವನ್ನು ಬೆನ್ನಿಗೆ ಅಂಟಿಸಬೇಕು. ಬೆನ್ನಿಗೆ ಹಚ್ಚುವ ಎಲ್ಲ ಪದ್ಧತಿಗಳ ಮೂಲವೂ ಇದೇ.

ಬಿದಿರಿಗೆ ಈ ಕಷ್ಟವಿಲ್ಲ. ಬಿದಿರಿನ ಗಟ್ಟಿ ನಾರುಗಳು ಹೊರಮೈಯ ಹತ್ತಿರ ಒತ್ತಾಗಿಯೂ ಒಳಕ್ಕೆ ಹೋದಂತೆ ವಿರಳವಾಗಿಯೂ ಇರುತ್ತವೆ. ಹೊರಮೈಯನ್ನು ಕೆತ್ತದೆ ಅದನ್ನೇ ಬೆನ್ನಾಗಿ ಇಟ್ಟುಕೊಂಡರೆ, ಎಳೆತವನ್ನು ತಾಳುವ ಪದರವು ತಾನಾಗಿಯೇ ಒದಗುತ್ತದೆ. ಜಪಾನಿನವರು ತಮ್ಮ ಬಿಲ್ಲಿನಲ್ಲಿ ಮರದ ತಿರುಳನ್ನು ಬಿದಿರಿನ ಪಟ್ಟಿಗಳ ನಡುವೆ ಇಟ್ಟು ಅಂಟಿಸುವುದೂ, ಪಶ್ಚಿಮ ದೇಶಗಳಲ್ಲಿ ಇಂದು ಮರದ ಬಿಲ್ಲಿನ ಬೆನ್ನಿಗೆ ಬಿದಿರಿನ ಪಟ್ಟಿಯನ್ನು ಕೂಡಿಸುವುದೂ ಈ ಗುಣದಿಂದಲೇ. ಭಾರತದ ಬಿಲ್ಲುಗಾರಿಕೆಯ 'ಇಂಡಿಯನ್ ರೌಂಡ್' ಸ್ಪರ್ಧೆಗಳಲ್ಲಿ ಮೂವತ್ತು ಮತ್ತು ಐವತ್ತು ಮೀಟರುಗಳ ದೂರಕ್ಕೆ ಹೂಡುವ ಬಿಲ್ಲು ಇಂದಿಗೂ ಬಿದಿರಿನದೇ.

೩

ಮರದ ಬಿಲ್ಲಿಗೆ ಅತ್ಯಂತ ಸಮರ್ಥವಾದ ಬೆನ್ನೆಂದರೆ ಪ್ರಾಣಿಗಳ ಸ್ನಾಯುತಂತು. ಜಿಂಕೆಯ ಕಾಲಿನ ಅಥವಾ ಬೆನ್ನಿನ ಸ್ನಾಯುವನ್ನು ಒಣಗಿಸಿ, ಜಜ್ಜಿ, ಎಳೆಎಳೆಯಾಗಿ ಬಿಡಿಸಿ ಸರೇಸಿನಲ್ಲಿ ಅದ್ದಿ ಬೆನ್ನಿನ ಮೇಲೆ ಪದರಪದರವಾಗಿ ಹಾಸುತ್ತಾರೆ. ಅದು ತುಂಡಾಗುವ ಮೊದಲು ಮರದ ಹಲವು ಪಟ್ಟು ಹಿಗ್ಗಬಲ್ಲುದು. ಒಣಗುವಾಗ ಕುಗ್ಗಿ ಬಿಲ್ಲನ್ನು ಮುಂದಕ್ಕೆ ಸೆಳೆಯುವುದರಿಂದ ಬಾಣಕ್ಕೆ ವೇಗವೂ ಹೆಚ್ಚುತ್ತದೆ. ಹೊಟ್ಟೆಯ ಕಡೆಗೆ ಕೊಂಬನ್ನೂ ಕೂಡಿಸಿದರೆ ಅದುಮುವಿಕೆಯನ್ನು ಕೊಂಬು ತಾಳುತ್ತದೆ. ಮಧ್ಯ ಏಷ್ಯಾ, ತುರ್ಕಿ, ಇರಾನುಗಳಲ್ಲಿಯೂ ನಮ್ಮ ದೇಶದಲ್ಲಿಯೂ ಪ್ರಸಿದ್ಧವಾದ ಕೂಡುಬಿಲ್ಲಿನ ರಚನೆ ಇದು.

ಸ್ನಾಯುವಿಗೂ ಸರೇಸಿಗೂ ಒಂದೇ ಶತ್ರು, ತೇವ. ಹಾವಿನ ಚರ್ಮ ಬಿಲ್ಲಿಗೆ ಬಂದುದು ಮುಖ್ಯವಾಗಿ ಈ ದಾರಿಯಿಂದ. ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ ಕೆಲವರು ಸ್ನಾಯುವಿನ ಪದರದ ಮೇಲೆ ರ್‍ಯಾಟಲ್ ಎಂಬ ವಿಷದ ಹಾವಿನ ಚರ್ಮವನ್ನು ಹೊದಿಸುತ್ತಿದ್ದರು. ಹಾವಿನ ಹುರುಪೆ ನೀರನ್ನು ಸುಲಭವಾಗಿ ಒಳಕ್ಕೆ ಬಿಡುವುದಿಲ್ಲ. ಮೇಲಾಗಿ ಅದರ ಚಿತ್ತಾರ ಕಣ್ಣಿಗೆ ಹಬ್ಬ. ಆದರೆ ಅಲ್ಲಿಯೂ ಬಲವೆಲ್ಲ ಸ್ನಾಯುವಿನದು. ೧೯೧೧ರಲ್ಲಿ ಕ್ಯಾಲಿಫೋರ್ನಿಯದ ಕಾಡಿನಿಂದ ಹೊರಬಂದ ಯಾಹಿ ಜನಾಂಗದ ಕೊನೆಯ ಮನುಷ್ಯನಾದ ಇಶಿ ಎಂಬಾತನು ತನ್ನ ಜೂನಿಪರ್ ಮರದ ಬಿಲ್ಲಿನ ಬೆನ್ನಿಗೆ ಸ್ನಾಯುವನ್ನು ಹಾಸುತ್ತಿದ್ದ ಕ್ರಮವನ್ನು, ಅವನಿಗೆ ಚಿಕಿತ್ಸಕನೂ ಶಿಷ್ಯನೂ ಆಗಿದ್ದ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್ ೧೯೨೩ರ ತನ್ನ ಗ್ರಂಥದಲ್ಲಿ ವಿವರಿಸಿರುವನು. ಇಂದು ಅಮೆರಿಕದಲ್ಲಿ ಕೈಯಿಂದ ಬಿಲ್ಲು ಮಾಡುವ ಹವ್ಯಾಸಿಗಳು ಹಾವಿನ ಚರ್ಮವನ್ನು ಸ್ನಾಯುವಿಲ್ಲದ ಬರಿಯ ಮರದ ಮೇಲೆಯೂ ಹಚ್ಚುವರು. ವ್ಯಾಪಾರಿಯು ಕಂಡುದು ಬಹುಶಃ ಅಂಥ ಬಿಲ್ಲುಗಳ ಚಿತ್ರಗಳನ್ನೇ.

ಹಚ್ಚುವ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಅದರಿಂದ ಚರ್ಮದ ಸ್ವಭಾವವೂ ತಿಳಿಯುತ್ತದೆ. ಬೆನ್ನಿನ ಚಿತ್ತಾರ ಕೆಡದಿರಲೆಂದು ಹಾವನ್ನು ಹೊಟ್ಟೆಯ ಕಡೆಯಿಂದ ಸೀಳಿ ಚರ್ಮವನ್ನು ತೆಗೆದಿರುತ್ತಾರೆ. ಬಿಲ್ಲಿನ ಉದ್ದಕ್ಕೆ ಒಂದು ಚರ್ಮ ಸಾಲುವುದು ಅಪರೂಪ. ಆದುದರಿಂದ ಒಂದೇ ಅಳತೆಯ, ಒಂದೇ ಬಣ್ಣದ ಎರಡು ಚರ್ಮಗಳನ್ನು ಆರಿಸಿ ಹಿಡಿಯ ಬಳಿ ಕೂಡಿಸುತ್ತಾರೆ. ಆ ಕೂಡು ಹಿಡಿಯ ಸುತ್ತಿನ ಕೆಳಗೆ ಮರೆಯಾಗುತ್ತದೆ. ಒಣಗಿದ ಚರ್ಮವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತಗಾಗುವವರೆಗೆ ನೆನೆಯಿಸಿ, ಒಳಮೈಗೆ ಅಂಟಿರುವ ಕೊಬ್ಬನ್ನು ಕೆರೆದು ತೆಗೆಯಬೇಕು. ಕೊಬ್ಬು ಉಳಿದಲ್ಲಿ ಅಂಟು ಹಿಡಿಯದು. ಬಿಲ್ಲಿನ ಬೆನ್ನನ್ನು ಉಪ್ಪುಕಾಗದದಿಂದ ನಯಮಾಡಿ, ಕೈಯ ಎಣ್ಣೆಯ ಅಂಶವೂ ಉಳಿಯದಂತೆ ಒರೆಸಿರಬೇಕು. ಬಳಿಕ ಮರಕ್ಕೂ ಚರ್ಮಕ್ಕೂ ತೆಳುವಾಗಿ ಸರೇಸನ್ನೋ ಬಡಗಿಗಳ ಬಿಳಿಯ ಅಂಟನ್ನೋ ಬಳಿದು, ಚಿತ್ತಾರದ ನಡುಗೆರೆಯು ಬಿಲ್ಲಿನ ನಡುಗೆರೆಯ ಮೇಲೆ ಬರುವಂತೆ ಹಾಸಿ, ನಡುವಿನಿಂದ ಅಂಚುಗಳಿಗೆ ಬೆರಳಿನಿಂದ ಸವರುತ್ತ ಗಾಳಿಯ ಗುಳ್ಳೆಗಳನ್ನು ಹೊರಡಿಸಬೇಕು. ಒಣಗುವಾಗ ಚರ್ಮವು ಅಗಲದಲ್ಲಿಯೂ ಉದ್ದದಲ್ಲಿಯೂ ಕುಗ್ಗುವುದರಿಂದ ಅಂಚಿನಲ್ಲಿ ಹೆಚ್ಚಿಗೆ ಬಿಟ್ಟಿರಬೇಕು. ಮೊದಲೇ ಅಳತೆಗೆ ಕತ್ತರಿಸಿದವನು ಮರುದಿನ ಎರಡು ಪಕ್ಕಗಳಲ್ಲಿಯೂ ಬರಿಯ ಮರವನ್ನು ಕಾಣುವನು. ಒಂದೆರಡು ದಿನ ಒಣಗಿದ ಮೇಲೆ, ಚರ್ಮ ಕಿತ್ತು ಬರದಂತೆ ಅರವನ್ನು ಬೆನ್ನಿನಿಂದ ಹೊಟ್ಟೆಯ ಕಡೆಗೆ ಮಾತ್ರವೇ ಆಡಿಸಿ ಅಂಚನ್ನು ಸಮಮಾಡುತ್ತಾರೆ. ಸಡಿಲವಾದ ಹುರುಪೆಗಳನ್ನು ಉಜ್ಜಿ ತೆಗೆದು, ಮೇಲೆ ಅರಗಿನ ಮೆರುಗನ್ನೋ ವಾರ್ನಿಷನ್ನೋ ಬಳಿದರೆ ಕೆಲಸ ಮುಗಿಯಿತು.

ಈಗ ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಬಹುದು. ನೀರಿನಲ್ಲಿ ನೆನೆದು ಬೆರಳಿನ ಸವರಿಕೆಗೇ ಹಿಗ್ಗುವ ಈ ತೆಳುಪದರವು ಮರದ ಪಾಲಿನ ಎಳೆತವನ್ನು ತಾನು ಹೊರಲಾರದು. ಅದು ಸಣ್ಣ ಸಿಬಿರೊಂದನ್ನು ಸ್ವಲ್ಪ ಕಾಲ ಅದುಮಿ ಹಿಡಿಯಬಹುದು, ಮಳೆಯ ತೇವವನ್ನು ಸ್ವಲ್ಪ ತಡೆಯಬಹುದು, ಅಷ್ಟೆ. ಅದರಿಂದ ಒಂದು ಅಪಾಯವೂ ಉಂಟು. ನಾರು ತುಂಡಾದ ಕೆಟ್ಟ ಬೆನ್ನು ಅದರ ಕೆಳಗೆ ಮರೆಯಾಗುತ್ತದೆ. ಖಾತೆಯ ಪುಸ್ತಕಕ್ಕೆ ಚೆಲುವಾದ ಹೊದಿಕೆ ಹಾಕಿದ ಮಾತ್ರಕ್ಕೆ ಒಳಗಿನ ಬಾಕಿ ತೀರುವುದಿಲ್ಲವೆಂಬುದು ನನ್ನ ವೃತ್ತಿಯವರೆಲ್ಲರಿಗೂ ತಿಳಿದುದೇ.

೪

ಎರಡನೆಯ ಪ್ರಶ್ನೆ, ಇದು ಹಿಂದಿನವರ ಪದ್ಧತಿಯೇ ಎಂಬುದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು ೧೯೦೯ರಲ್ಲಿ ಅವರಿಂದಲೇ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೊದಲು ನೋಡಬೇಕು. ಆಯುಧಾಗಾರದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವಲ್ಲಿ ಕೌಟಿಲ್ಯನು ಬಿಲ್ಲಿಗೆ ನಾಲ್ಕು ದ್ರವ್ಯಗಳನ್ನು ಎಣಿಸುತ್ತಾನೆ: ತಾಳೆ, ಬಿದಿರು, ಮರ, ಕೊಂಬು. ಹೆದೆಗೆ ಮೂರ್ವೆ, ಎಕ್ಕ, ಸಣಬು, ಬಿದಿರು, ಸ್ನಾಯು ಮೊದಲಾದವುಗಳನ್ನು ಹೇಳುತ್ತಾನೆ. ಹೆದೆಗೆ ಮೌರ್ವಿ ಎಂಬ ಹೆಸರು ಮೂರ್ವೆಯ ನಾರಿನಿಂದಲೂ, ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗವೆಂಬ ಹೆಸರು ಶೃಂಗ ಎಂದರೆ ಕೊಂಬಿನಿಂದಲೂ ಬಂದವು. ಬಿಲ್ಲಿನ ದ್ರವ್ಯಗಳಲ್ಲಿ ಹಾವಿನ ಚರ್ಮದ ಹೆಸರಿಲ್ಲ.

ಬಿಲ್ಲಿನ ಬೆನ್ನನ್ನು ಅಲಂಕರಿಸುವುದು ಮಾತ್ರ ನಮ್ಮಲ್ಲಿ ಬಹು ಹಳೆಯದು. ಮಹಾಭಾರತದ ವಿರಾಟಪರ್ವದಲ್ಲಿ ಉತ್ತರನು ಶಮೀವೃಕ್ಷದಿಂದ ಪಾಂಡವರ ಆಯುಧಗಳ ಕಟ್ಟನ್ನು ಇಳಿಸಿ ಬಿಚ್ಚುವ ಪ್ರಸಂಗ ವಾಚಕರಿಗೆ ನೆನಪಿರಬಹುದು. ಆಗ ಆತನು ಒಂದೊಂದು ಬಿಲ್ಲನ್ನೂ ತೋರಿಸಿ ಅದು ಯಾರದೆಂದು ಕೇಳುತ್ತಾನೆ. ಒಂದರ ಬೆನ್ನಿನ ಮೇಲೆ ಚಿನ್ನದ ಆನೆಗಳು. ಒಂದರ ಮೇಲೆ ಚಿನ್ನದ ಇಂದ್ರಗೋಪದ ಹುಳುಗಳು. ಮತ್ತೊಂದರ ಮೇಲೆ ಸೂರ್ಯರು. ಬೆನ್ನಿಗೆ ಅಲ್ಲಿ ಬಳಸಿರುವ ಮಾತು ಪೃಷ್ಠ ಎಂದೇ. ಆಯುಧಗಳು ಉತ್ತರನ ಕಣ್ಣಿಗೆ ಹಾವುಗಳಂತೆ ತೋರಿದುವೆಂದೂ ಕವಿ ಹೇಳುವನು. ಅದು ಉಪಮಾನ, ಹೊದಿಕೆಯಲ್ಲ. ತ್ರಿಪುರದಹನದ ಕಥೆಯಲ್ಲಿ ಮೇರುಪರ್ವತವು ಬಿಲ್ಲು, ವಾಸುಕಿಯು ಹೆದೆ. ನಮ್ಮ ಕಲ್ಪನೆಯಲ್ಲಿ ಹಾವು ಬಿಲ್ಲಿಗೆ ಸೇರಿದುದು ಜೀವಂತವಾಗಿ, ಹೆದೆಯ ಸ್ಥಾನದಲ್ಲಿ.

ಉರಗಜಾತಿಯ ಚರ್ಮವು ನಮ್ಮ ಬಿಲ್ಲುವಿದ್ಯೆಯಲ್ಲಿ ಇರಲೇ ಇಲ್ಲವೆಂದು ಇದರ ಅರ್ಥವಲ್ಲ. ಗೋಧಾ ಎಂದರೆ ಉಡ. ಹೆದೆಯು ಬಡಿಯದಂತೆ ಬಿಲ್ಲುಗಾರನು ಎಡ ಮುಂದೋಳಿಗೆ ಕಟ್ಟಿಕೊಳ್ಳುತ್ತಿದ್ದ ತೊಗಲಿನ ಪಟ್ಟಿಗೂ ಅಮರಕೋಶವು ಅದೇ ಹೆಸರನ್ನು ಕೊಡುತ್ತದೆ. ಇತಿಹಾಸಕಾವ್ಯಗಳ ವೀರರು ಗೋಧೆಯನ್ನೂ ಬೆರಳುಗಾಪನ್ನೂ ಕಟ್ಟಿಕೊಂಡೇ ಯುದ್ಧಕ್ಕೆ ಹೊರಡುತ್ತಾರೆ. ಪ್ರಾಣಿಯ ಹೆಸರು ಅದರ ತೊಗಲಿನಿಂದ ಮಾಡಿದ ವಸ್ತುವಿಗೆ ಬಂದಿತೆಂದು ತಿಳಿಯುವುದೇ ಸಹಜ. ಹಾಗಾದರೆ ನಮ್ಮವರಲ್ಲಿ ಆ ಚರ್ಮದ ಸ್ಥಾನ ಬಿಲ್ಲುಗಾರನ ತೋಳು, ಬಿಲ್ಲಿನ ಬೆನ್ನಲ್ಲ.

ಕನ್ನಡದ ಸಾಕ್ಷ್ಯವೂ ಇದಕ್ಕೆ ವಿರೋಧವಾಗಿಲ್ಲ. ಬಿಲ್ಲಿನ ಬಗೆಗೆ ನಮ್ಮ ಭಾಷೆಯಲ್ಲಿ ದೇಶ್ಯಪದಗಳ ಸಮೃದ್ಧಿಯೇ ಇದೆ: ಹೆದೆ, ಅಂಬು, ಸರಳು, ಕಣೆ, ಕೋಲು, ಬತ್ತಳಿಕೆ, ಹೆದೆಯನ್ನು ಸಿಕ್ಕಿಸುವ ತುದಿಗೆ ಕೊಪ್ಪು, ಬಿಲ್ಲು ಹಿಡಿದ ಭಟನಿಗೆ ಬಿಲ್ಲಾಳು, ಬಿಲ್ಲುವಿದ್ಯೆಯ ಗುರುವಿಗೆ ಬಿಲ್ಲೋಜ. ಇಷ್ಟು ಪದಗಳ ನಡುವೆ ಬೆನ್ನಿನ ಹಾವಿನ ಹೊದಿಕೆಗೆ ಹೆಸರನ್ನು ನಾನು ಕಂಡಿಲ್ಲ. ಬೇಲೂರಿನ ಮದನಿಕೆಗಳಲ್ಲಿರುವ ಬೇಟೆಗಾರ್ತಿಯ ಕೈಯಲ್ಲಿಯೂ, ಹಂಪೆಯ ಹಜಾರರಾಮ ದೇವಾಲಯದ ರಾಮಾಯಣದ ಪಟ್ಟಿಕೆಗಳಲ್ಲಿಯೂ ಬಿಲ್ಲುಗಳುಂಟು. ಕಲ್ಲಿನಿಂದ ಬಿಲ್ಲಿನ ಬಾಗು ತಿಳಿಯುವುದೇ ಹೊರತು ಬೆನ್ನಿನ ವಸ್ತು ತಿಳಿಯುವುದಿಲ್ಲ. ಆದುದರಿಂದ ಶಿಲ್ಪಗಳನ್ನು ಈ ವಾದದಲ್ಲಿ ಯಾವ ಪಕ್ಷದವರೂ ಸಾಕ್ಷಿಗೆ ಕರೆಯುವಂತಿಲ್ಲ.

ನಮ್ಮ ನೆರೆಯ ಗಿರಿಜನರ ವಿಷಯಕ್ಕೆ ಬಂದರೆ, ೨೦೧೪ರವರೆಗೆ ಠಾಣೆ ಜಿಲ್ಲೆಯ ಭಾಗವೇ ಆಗಿದ್ದ ಪಾಲಘರದ ವಾರಲಿಗಳ ಚಿತ್ರಗಳಲ್ಲಿ ಬಿಲ್ಲು ಹಿಡಿದ ಬೇಟೆಗಾರರನ್ನು ಎಲ್ಲರೂ ನೋಡಿದ್ದೇವೆ. ಅಕ್ಕಿಹಿಟ್ಟಿನ ಬಿಳಿಯ ಗೆರೆ ಒಂದು, ಅದರ ಎರಡು ತುದಿಗಳನ್ನು ಕೂಡಿಸುವ ಗೆರೆ ಇನ್ನೊಂದು, ಬಿಲ್ಲು ಆಯಿತು. ಮುರಬಾಡಿನ ಆ ಕುಶಲಕರ್ಮಿಯೂ, ತನ್ನ ತಂದೆಯಾಗಲಿ ಅಜ್ಜನಾಗಲಿ ಬಿಲ್ಲಿಗೆ ಹಾವಿನ ಚರ್ಮ ಹಚ್ಚಿದುದನ್ನು ಕಂಡಿಲ್ಲವೆಂದೇ ಹೇಳಿದನು. ಹಿಂದಿನವರ ಪದ್ಧತಿಯೆಂಬ ಮಾತು ಇದ್ದುದು ಮಾರುವವನ ಬಾಯಲ್ಲಿ. ಮಾಡುವವನ ನೆನಪಿನಲ್ಲಿ ಅಲ್ಲ.

೫

ಮೂರನೆಯ ಪ್ರಶ್ನೆಗೆ ನಾನು ಆ ದಿನವೇ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದು ಅವಶ್ಯ. ಏಕೆಂದರೆ ನಮ್ಮ ಸುಶಿಕ್ಷಿತ ಮನೆಗಳಲ್ಲಿಯೂ ಇದು ಎಲ್ಲರಿಗೂ ತಿಳಿದಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹೆಬ್ಬಾವು, ನಾಗರ, ಕೊಳಕುಮಂಡಲಗಳನ್ನು ಮಾತ್ರವಲ್ಲದೆ ಕೇರೆಯನ್ನೂ ರಕ್ಷಿಸುತ್ತದೆ. ಅವನ್ನು ಕೊಲ್ಲುವುದು ಮಾತ್ರವಲ್ಲ, ಅವುಗಳ ಚರ್ಮವನ್ನು ಮಾರುವುದೂ, ಅದರಿಂದ ವಸ್ತುಗಳನ್ನು ಮಾಡಿ ವ್ಯಾಪಾರ ಮಾಡುವುದೂ ಅಪರಾಧ. ಹೆಬ್ಬಾವಿನಂತೆ ಮೊದಲನೆಯ ಪಟ್ಟಿಗೆ ಸೇರಿದ ಪ್ರಾಣಿಗಳ ವಿಷಯದಲ್ಲಿ ಶಿಕ್ಷೆ ಮೂರು ವರ್ಷಗಳಿಗೆ ಕಡಮೆಯಿಲ್ಲದೆ ಏಳು ವರ್ಷಗಳವರೆಗಿನ ಸೆರೆವಾಸ. ಒಂದು ಕಾಲದಲ್ಲಿ ನಮ್ಮ ದೇಶದಿಂದ ಹಾವಿನ ಚರ್ಮ ಹೇರಳವಾಗಿ ಪರದೇಶಗಳಿಗೆ ಹೋಗುತ್ತಿತ್ತು. ೧೯೭೬ರಲ್ಲಿ ಆ ರಫ್ತು ನಿಷಿದ್ಧವಾಯಿತು. ತಮಿಳುನಾಡಿನಲ್ಲಿ ಹಾವು ಹಿಡಿದು ಚರ್ಮ ಮಾರಿ ಬದುಕುತ್ತಿದ್ದ ಇರುಳರು ೧೯೭೮ರಲ್ಲಿ ಸಹಕಾರ ಸಂಘವೊಂದನ್ನು ಕಟ್ಟಿಕೊಂಡು, ಹಾವನ್ನು ಕೊಲ್ಲದೆ ಔಷಧಕ್ಕಾಗಿ ವಿಷವನ್ನು ಮಾತ್ರ ತೆಗೆದು ಬಿಡುವ ವೃತ್ತಿಗೆ ತಿರುಗಿದರು.

ಕಾನೂನಿನ ಮಾತು ಹಾಗಿರಲಿ. ಕೇರೆಯು ಬತ್ತದ ಗದ್ದೆಯ ಇಲಿಗಳನ್ನು ತಿಂದು ಬದುಕುವ ವಿಷವಿಲ್ಲದ ಹಾವು. ಆ ವಸತಿಯಲ್ಲಿ ನಮ್ಮ ಶಾಖೆಯಿಂದ ಬೆಳೆಸಾಲ ಪಡೆದ ಕುಟುಂಬಗಳೂ ಇವೆ. ಗದ್ದೆಯ ಕಾವಲುಗಾರನನ್ನು ಕೊಂದು ಗೋಡೆಯ ಅಲಂಕಾರಕ್ಕೆ ಮಾರಿದರೆ, ಆ ನಷ್ಟ ಬಿಲ್ಲಿನ ಬೆಲೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಸಿಕ್ಕಿಬಿದ್ದ ದಿನ ಕೈಯಲ್ಲಿ ಸರೇಸು ಹಿಡಿದಿರುವವನು ಮಾಡುವವನೇ. ಚರ್ಮ ತಂದುಕೊಟ್ಟವನನ್ನು ಆಗ ಹುಡುಕಬೇಕಾಗುತ್ತದೆ.

ಇಂಥ ನಿಷೇಧದಿಂದ ಕಲೆ ಸಾಯುವುದೆಂಬ ಭಯಕ್ಕೆ ಕಾರಣವಿಲ್ಲವೆಂಬುದಕ್ಕೆ ನಮ್ಮಲ್ಲಿಯೇ ಒಂದು ದೃಷ್ಟಾಂತವಿದೆ. ಕರ್ನಾಟಕ ಸಂಗೀತದ ಖಂಜಿರಕ್ಕೆ ಪೂರ್ವದಿಂದ ಬಿಗಿಯುತ್ತಿದ್ದುದು ಉಡದ ಚರ್ಮವನ್ನು. ಉಡವೂ ರಕ್ಷಿತ ಪ್ರಾಣಿಯಾದ ಬಳಿಕ ವಾದಕರು ಆಡಿನ ಚರ್ಮವನ್ನೂ ಕೃತಕ ಚರ್ಮವನ್ನೂ ಬಳಸಲು ಕಲಿತರು. ಖಂಜಿರದಲ್ಲಿ ಚರ್ಮವೇ ನಾದದ ಮೂಲ. ಆದುದರಿಂದ ಅಲ್ಲಿ ತ್ಯಾಗ ದೊಡ್ಡದಾಗಿತ್ತು. ಬಿಲ್ಲಿನಲ್ಲಿ ಹಾವಿನ ಚರ್ಮಕ್ಕೆ ಕೆಲಸವೇ ಇಲ್ಲದಿರುವಾಗ ತ್ಯಾಗವೆಂಬ ಮಾತೇ ಸಲ್ಲದು. ಮರದ ಬಿಲ್ಲಿಗೆ ಬೆನ್ನು ಬೇಕೆನ್ನುವವರಿಗೆ ಬಿದಿರಿನ ಪಟ್ಟಿ, ಹದಮಾಡದ ಆಡಿನ ತೊಗಲು, ಸರೇಸಿನಲ್ಲಿ ಅದ್ದಿದ ನಾರುಬಟ್ಟೆ ಇವೆಲ್ಲ ಒದಗುತ್ತವೆ. ಇವು ಎಳೆತವನ್ನೂ ಹಾವಿನ ಚರ್ಮಕ್ಕಿಂತ ಚೆನ್ನಾಗಿ ತಾಳುತ್ತವೆ. ಚಿತ್ತಾರ ಬೇಕಾದರೆ ಬಣ್ಣವುಂಟು.

ಇದನ್ನೆಲ್ಲ ತಿಳಿದುಕೊಂಡು ಮರಳಿ ಹೋಗಿ ಹೇಳಿದಾಗ ಆ ಕುಶಲಕರ್ಮಿ ಕೇಳಿದುದು ಒಂದೇ ಮಾತು: ನಾಲ್ಕು ಪಟ್ಟು ಬೆಲೆಯನ್ನು ಬಿದಿರಿಗೆ ಯಾರು ಕೊಡುವರು? ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬುಟ್ಟಿ, ಮೊರಗಳ ಕೆಲಸಕ್ಕೆ ಸಾಲ ಮಂಜೂರಾಯಿತು. ಬಿಲ್ಲುಗಳ ಬೇಡಿಕೆಯನ್ನು ಆತನು ಬಿಟ್ಟುಕೊಟ್ಟನು. ವ್ಯಾಪಾರಿಯು ಮತ್ತೆ ಬರಲಿಲ್ಲ. ಆತನಿಂದ ನಾನು ಕೊಂಡ ಬಿಲ್ಲೊಂದು ಡೊಂಬಿವಲಿಯ ನಮ್ಮ ಮನೆಯಲ್ಲಿದೆ. ತಿರುಳಿಗೆ ಧಾಮಣದ ಮರ, ಬೆನ್ನಿಗೆ ಹೊರಮೈ ಕೆತ್ತದ ಬಿದಿರಿನ ಪಟ್ಟಿ. ಮನೆಗೆ ಬರುವ ಸ್ನೇಹಿತರಲ್ಲಿ ಯಾರಿಗಾದರೂ ಅಂಥ ಬಿಲ್ಲು 'ಬೇಕೆನಿಸಿದರೆ' ನ್ಯಾಯವಾದ ಬೆಲೆ ಕೊಟ್ಟು ಮಾಡಿಸಿಕೊಳ್ಳಬಹುದೆಂದು ಹೇಳುತ್ತಿರುತ್ತೇನೆ, ಮೂವರು ಮಾಡಿಸಿಕೊಂಡಿದ್ದಾರೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ನಾವು ಚತುರ ವ್ಯವಹಾರಿಗಳ ವಿಷಯದಲ್ಲಿ ಬಳಸುತ್ತೇವೆ. ಬಿಲ್ಲು ಮಾಡುವವನ ಮಟ್ಟಿಗೆ ಅದನ್ನು ಇದ್ದ ಅರ್ಥದಲ್ಲಿಯೇ ಗ್ರಹಿಸಬಹುದು.